ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹಾರಾಟ ಎಷ್ಟು ಹೊತ್ತು, ನಾವೇ ಲೆಕ್ಕ ಹಾಕುವುದು ಹೇಗೆ?

ಅಕ್ಕನ ಬಾಣಂತನಕ್ಕೆ ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಟಿಕೆಟ್ ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಬೆಂಗಳೂರು ಬಿಡುವುದು ಬೆಳಗಿನ ಜಾವ 3ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟುವುದು ಅದೇ ದಿನ ಮಧ್ಯಾಹ್ನ ಎರಡೂವರೆಗೆ. "ಹನ್ನೊಂದೂವರೆ ಗಂಟೆ ಅಷ್ಟೇನಾ? ಹಾಗಾದ್ರೆ ಕೈಚೀಲದಲ್ಲಿ ಒಂದು ಬಿಪಿ ಮಾತ್ರೆ ಇಟ್ಕೊಂಡ್ರೆ ಸಾಕು" ಅಂದರು.

ನಿಜವಾಗಿ, ನಡುವೆ ಒಂದು ಕಡೆ ವಿಮಾನ ಬದಲಾಯಿಸುವ ಹೊತ್ತೂ ಸೇರಿ, ಅದು 24 ಗಂಟೆಯ ಪ್ರಯಾಣ. ಟಿಕೆಟ್ ಸುಳ್ಳು ಹೇಳಿರಲಿಲ್ಲ, ಎರಡು ಊರಿನ ಗಡಿಯಾರವನ್ನು ಒಂದೇ ಸಾಲಿನಲ್ಲಿ ಬರೆದಿತ್ತು ಅಷ್ಟೇ. ಅವತ್ತು ಅಮ್ಮನ ಪಕ್ಕ ಕೂತು ದೂರದಿಂದ ಶುರು ಮಾಡಿ ಮಾತ್ರೆಯ ಹೊತ್ತಿನವರೆಗೆ ಎಲ್ಲವನ್ನೂ ಬರೆದು ತೋರಿಸಿದೆ. ಅದೇ ಲೆಕ್ಕ ಇಲ್ಲಿದೆ. ಉದಾಹರಣೆಗೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಹಿಡಿದಿದ್ದೇನೆ, ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಹೋಗಿಬರುವ ದಾರಿ ಅದು. ಬೇರೆ ಯಾವ ಎರಡು ಊರಿಗಾದರೂ ವಿಧಾನ ಇದೇ.

ಮೊದಲು: ನಕ್ಷೆಯನ್ನು ನಂಬಬೇಡಿ, ದಾರ ತಗೊಳ್ಳಿ

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ್ದ ಪ್ರಪಂಚದ ನಕ್ಷೆ ನೆನಪಿದೆ ಅಲ್ವಾ? ಅದರಲ್ಲಿ ಬೆಂಗಳೂರು ಬಲಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಎಡತುದಿಗೆ. ಸ್ಕೇಲ್ ಇಟ್ಟು ನೇರ ಗೆರೆ ಎಳೆದರೆ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ಸುಮಾರು 20,000 ಕಿ.ಮೀ. ಆಗುತ್ತದೆ. ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಹಾಗೇ ನೇರ ಗೆರೆ ಎಳೆದರೂ 16,100 ಕಿ.ಮೀ. ಆದರೆ ನಿಜವಾದ ಅತಿ ಹತ್ತಿರದ ದಾರಿ 13,990 ಕಿ.ಮೀ. ಮಾತ್ರ.

ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆಯಾಗಿದೆ. ಎಲ್ಲ ಗೊಂದಲ ಇಲ್ಲಿಂದಲೇ. ಮಕ್ಕಳ ಗ್ಲೋಬ್ ಮನೆಯಲ್ಲಿದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಅದು ನಿಲ್ಲುವ ಜಾಗ ನೋಡಿ: ನೇಪಾಳದ ಹಿಮಾಲಯ, ಟಿಬೆಟ್, ಮಂಗೋಲಿಯಾದ ಪಶ್ಚಿಮ, ಸೈಬೀರಿಯಾ, ಆರ್ಕ್ಟಿಕ್ ಸಮುದ್ರದ ಅಂಚು, ಅಲಾಸ್ಕಾ, ಆಮೇಲೆ ಅಮೆರಿಕದ ಪಶ್ಚಿಮ ಕರಾವಳಿ. ಬೆಂಗಳೂರಿನಿಂದ ಹೊರಡುವಾಗ ಮೂಗು ಇರಬೇಕಾದದ್ದು ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಹೆಚ್ಚುಕಡಿಮೆ ಉತ್ತರಕ್ಕೆ. ಉತ್ತರದಿಂದ ಬರೀ 20 ಡಿಗ್ರಿ ಪೂರ್ವಕ್ಕೆ ವಾಲಿದ ದಿಕ್ಕು.

ಈ ದಾರದ ಉದ್ದವನ್ನು ಕಿಲೋಮೀಟರಿಗೆ ತಿರುಗಿಸುವುದೂ ಸುಲಭ. ಇನ್ನೊಂದು ದಾರವನ್ನು ಗ್ಲೋಬಿನ ಸಮಭಾಜಕ ವೃತ್ತಕ್ಕೆ ಒಂದು ಸುತ್ತು ಸುತ್ತಿ ಅಳೆಯಿರಿ. ಆ ಉದ್ದ ಅಂದರೆ 40,000 ಕಿ.ಮೀ. ಉಳಿದದ್ದು ಮೂರನೇ ಕ್ಲಾಸಿನ ಮಕ್ಕಳು ಮಾಡುವ ಗುಣಾಕಾರ, ಭಾಗಾಕಾರ. ನಾನು ಹೀಗೆ ಅಳೆದಾಗ 14,000ದ ಆಸುಪಾಸೇ ಬಂತು.

2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. "ಅಮೆರಿಕಕ್ಕೆ ಹೊರಟವರು ರಷ್ಯಾಕ್ಕೆ ಯಾಕೆ ಹೋದರು?" ಎಂದು ಆಗ ಬಹಳ ಜನ ಕೇಳಿದರು. ದಾರ ಎಳೆದು ನೋಡಿದವರಿಗೆ ಆ ಪ್ರಶ್ನೆ ಬರುವುದಿಲ್ಲ.

ಎರಡನೆಯದು: ಕ್ಯಾಲ್ಕುಲೇಟರ್‌ನಲ್ಲಿ ಕರಾರುವಾಕ್ ದೂರ

ಗ್ಲೋಬ್ ಇಲ್ಲದವರು, ಅಥವಾ ದಾರದ ಲೆಕ್ಕ ಸರಿಯಾ ಎಂದು ನೋಡಬೇಕೆನ್ನುವವರು ಫೋನಿನ ಕ್ಯಾಲ್ಕುಲೇಟರ್ ತೆರೆಯಿರಿ. ಫೋನನ್ನು ಅಡ್ಡ ಹಿಡಿದರೆ ಹೆಚ್ಚಿನವುಗಳಲ್ಲಿ ಸೈನ್, ಕೊಸೈನ್ ಬಟನ್‌ಗಳು ಬರುತ್ತವೆ. ಮೋಡ್ ಡಿಗ್ರಿಯಲ್ಲಿರಬೇಕು, ರೇಡಿಯನ್‌ನಲ್ಲಿ ಅಲ್ಲ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು. ಮ್ಯಾಪ್ ಆ್ಯಪ್‌ನಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತದೆ.

ಕೆಂಪೇಗೌಡ ವಿಮಾನ ನಿಲ್ದಾಣ: 13.1986 ಉತ್ತರ, 77.7066 ಪೂರ್ವ.
ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ: 37.6188 ಉತ್ತರ, 122.3754 ಪಶ್ಚಿಮ.

ಒಂದು ಪೂರ್ವ, ಇನ್ನೊಂದು ಪಶ್ಚಿಮ. ಹಾಗಾಗಿ ರೇಖಾಂಶಗಳನ್ನು ಕೂಡಬೇಕು: 77.7066 + 122.3754 = 200.082. ಇದು 180ಕ್ಕಿಂತ ಜಾಸ್ತಿ, ಅಂದರೆ ನಾವು ಸುತ್ತುಬಳಸಿನ ಕಡೆಯಿಂದ ಅಳೆದಿದ್ದೇವೆ. 360ರಿಂದ ಕಳೆಯಿರಿ: 159.918. ಎರಡೂ ಊರು ಪೂರ್ವದಲ್ಲೇ ಇದ್ದರೆ, ಬೆಂಗಳೂರು–ಸಿಂಗಪುರದ ಹಾಗೆ, ಕೂಡುವ ಬದಲು ಕಳೆಯಬೇಕು.

ಈಗ ಎರಡು ಗುಣಾಕಾರ. ಮೊದಲನೆಯದು ಎರಡು ಅಕ್ಷಾಂಶಗಳ ಸೈನ್: 0.2283 × 0.6104 = 0.1394. ಎರಡನೆಯದು ಎರಡು ಅಕ್ಷಾಂಶಗಳ ಕೊಸೈನ್, ಜೊತೆಗೆ ಆ 159.918ರ ಕೊಸೈನ್: 0.9736 × 0.7921 × (−0.9392) = −0.7243. ಎರಡನ್ನೂ ಕೂಡಿದರೆ −0.5849. ಇದಕ್ಕೆ ಕೊಸೈನ್ ಇನ್ವರ್ಸ್ (cos⁻¹ ಎಂದು ಬರೆದಿರುವ ಬಟನ್) ಒತ್ತಿ: 125.8 ಡಿಗ್ರಿ.

ಭೂಮಿಯ ಮಧ್ಯದಲ್ಲಿ ನಿಂತು ನೋಡಿದರೆ ಈ ಎರಡು ಊರುಗಳ ನಡುವೆ ಇರುವ ಕೋನ ಅದು. ಒಂದು ಡಿಗ್ರಿಗೆ 111.195 ಕಿ.ಮೀ. ಗುಣಿಸಿದರೆ 13,988 ಕಿ.ಮೀ. ಭೂಮಿ ಪೂರ್ತಿ ಚೆಂಡಿನಂತಿಲ್ಲ, ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಐದಾರು ಕಿಲೋಮೀಟರ್ ಹೆಚ್ಚಾಗುತ್ತದೆ. ನಮಗೆ 13,990 ಸಾಕು.

ವಿಮಾನದವರು ನಾಟಿಕಲ್ ಮೈಲಿಯಲ್ಲಿ ಮಾತಾಡುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ ಎಂದು ನೆನಪಿಟ್ಟುಕೊಂಡರೆ 125.8 × 60, ಹತ್ತಿರ ಹತ್ತಿರ 7,550. ರಸ್ತೆಯ ಮೈಲಿಯೇ ಬೇರೆ, ಅದು 1.609 ಕಿ.ಮೀ. ಎರಡನ್ನೂ ಬೆರೆಸಿದರೆ ಲೆಕ್ಕ ಎತ್ತಲೋ ಹೋಗುತ್ತದೆ.

ಮೂರನೆಯದು: ಕಿಲೋಮೀಟರನ್ನು ಗಂಟೆ ಮಾಡುವುದು

ದೊಡ್ಡ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. 13,990 ಭಾಗಿಸು 900 ಅಂದರೆ ಹದಿನೈದೂವರೆ ಗಂಟೆ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆಮೇಲೆ ಟಿಕೆಟ್ ನೋಡಿ "ಯಾಕೆ ಜಾಸ್ತಿ ತೋರಿಸ್ತಿದೆ" ಎನ್ನುತ್ತಾರೆ. ಎರಡು ಸಂಗತಿ ಸೇರಿಸಬೇಕು. ಯಾವ ವಿಮಾನವೂ ದಾರದ ಮೇಲೆಯೇ ಹಾರುವುದಿಲ್ಲ, ಅಲ್ಲಲ್ಲಿ ಬಳಸಿ ಹೋಗುತ್ತದೆ. ಅದಕ್ಕೆ ದೂರಕ್ಕೆ ನೂರಕ್ಕೆ ಐದು ಸೇರಿಸಿ. ಏರುವಾಗ, ಇಳಿಯುವಾಗ ವೇಗ ಕಡಿಮೆ, ನೆಲದ ಮೇಲೆ ರನ್‌ವೇ ತನಕ ಉರುಳುವುದಕ್ಕೂ ಹೊತ್ತು ಬೇಕು. ಅದಕ್ಕೆ 45 ನಿಮಿಷ ಸೇರಿಸಿ. ಟಿಕೆಟ್‌ನಲ್ಲಿ ಬರೆದಿರುವುದು ಗೇಟು ಬಿಟ್ಟಾಗಿನಿಂದ ಗೇಟು ಸೇರುವ ತನಕದ ಹೊತ್ತು, ಗಾಳಿಯಲ್ಲಿ ಇರುವ ಹೊತ್ತಲ್ಲ.

13,990ಕ್ಕೆ ನೂರಕ್ಕೆ ಐದು ಸೇರಿಸಿದರೆ 14,690. 900ರಿಂದ ಭಾಗಿಸಿದರೆ 16 ಗಂಟೆ 19 ನಿಮಿಷ. ಜೊತೆಗೆ 45 ನಿಮಿಷ. ಒಟ್ಟು 17 ಗಂಟೆ 4 ನಿಮಿಷ.

ಇದನ್ನು ನಿಜವಾದ ವೇಳಾಪಟ್ಟಿಗೆ ಹೋಲಿಸಿ ನೋಡಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರು ಮಾಡಿದಾಗ ಪ್ರಕಟಿಸಿದ್ದ ಸಮಯದ ಪ್ರಕಾರ ಬೆಂಗಳೂರಿನಿಂದ ಹೋಗಲು 16 ಗಂಟೆ, ಅಲ್ಲಿಂದ ಬರಲು 17 ಗಂಟೆ 45 ನಿಮಿಷ. ಎರಡರ ಸರಾಸರಿ 16 ಗಂಟೆ 52 ನಿಮಿಷ. ನಮ್ಮ ಅಡುಗೆಮನೆ ಲೆಕ್ಕಕ್ಕೂ ಅದಕ್ಕೂ ಹನ್ನೆರಡು ನಿಮಿಷದ ವ್ಯತ್ಯಾಸ. ಇದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

ನಾಲ್ಕನೆಯದು: ಹೋಗುವಾಗ ಒಂದು, ಬರುವಾಗ ಇನ್ನೊಂದು ಯಾಕೆ?

ಕಾರಣ ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ, ಅವಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜೋರು, ಜಪಾನ್ ಸುತ್ತಮುತ್ತ ಗಂಟೆಗೆ 200 ಕಿ.ಮೀ. ದಾಟುತ್ತದೆ. ಹೊಳೆ ಹರಿಯುವ ಕಡೆಗೇ ದೋಣಿ ಬಿಟ್ಟರೆ ಹುಟ್ಟು ಹಾಕುವ ಶ್ರಮ ಅಷ್ಟೇ ಇದ್ದರೂ ಬೇಗ ಮುಟ್ಟುತ್ತೇವೆ. ಇದೂ ಹಾಗೇ.

ಒಂದು ಜನವರಿಯಲ್ಲಿ ನಾನು ಟೋಕಿಯೋದಲ್ಲಿ ವಿಮಾನ ಬದಲಾಯಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಟೋಕಿಯೋದಿಂದ ಹೊರಟು ಊಟ ಮುಗಿದ ಮೇಲೆ ಮುಂದಿನ ಸೀಟಿನ ಪರದೆಯಲ್ಲಿ ನಕ್ಷೆ ಹಾಕಿ ಕೂತೆ. ನೆಲದ ಲೆಕ್ಕದ ವೇಗ 1,140 ಕಿ.ಮೀ., ಹೊರಗಿನ ಉಷ್ಣತೆ ಮೈನಸ್ 56. ವಿಮಾನ ಗಾಳಿಯೊಳಗೆ ಹೋಗುತ್ತಿದ್ದದ್ದು ಆ 900ರಲ್ಲೇ. ಮಿಕ್ಕದ್ದು ಗಾಳಿ ಕೊಟ್ಟ ನೂಕು. ಬರುವಾಗ ಅದೇ ಪರದೆಯಲ್ಲಿ 780 ನೋಡಿದೆ. ಪಕ್ಕದಲ್ಲಿ ಕೂತ ಅಜ್ಜನಿಗೆ ಕಾಲು ಹಿಡಿದುಕೊಂಡಿತ್ತು. "ಇನ್ನೂ ಎಷ್ಟು ಹೊತ್ತಪ್ಪಾ" ಎಂದು ಗಂಟೆಗೊಮ್ಮೆ ಕೇಳುತ್ತಿದ್ದರು. ಗಾಳಿ ಎದುರಾಗಿದ್ದರೆ ಏನಾಗುತ್ತದೆ ಎಂದು ಅವರ ಮುಖ ನೋಡಿಯೇ ನನಗೆ ಗೊತ್ತಾದದ್ದು.

ಹಾಗಾಗಿ ಪೈಲಟ್‌ಗಳಿಗೆ ಹತ್ತಿರದ ದಾರಿಗಿಂತ ಬೇಗ ಮುಟ್ಟಿಸುವ ದಾರಿ ಮುಖ್ಯ. ಬೆಂಗಳೂರಿನಿಂದ ನೇರ ಹೋಗುತ್ತಿದ್ದ ವಿಮಾನ ಹಲವು ಸಲ ಪೆಸಿಫಿಕ್ ಕಡೆಗೆ ಬಳಸಿ ಹೋಗುತ್ತಿತ್ತು. ಕಿಲೋಮೀಟರ್ ಜಾಸ್ತಿ, ಗಂಟೆ ಕಡಿಮೆ. ಬರುವಾಗ ಆ ಗಾಳಿಯನ್ನು ತಪ್ಪಿಸಿಕೊಳ್ಳಬೇಕು. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನ ಉತ್ತರ ಧ್ರುವದ ಮೇಲೆಯೇ ಹಾದು ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ವಿಮಾನ ಬೋಯಿಂಗ್ 777-200ಎಲ್‌ಆರ್. ಅವರು ಹಾರಿದ್ದು ಅತಿ ಹತ್ತಿರದ ಗೆರೆಯ ಮೇಲೆ ಅಲ್ಲ ಎಂಬುದು ಗೊತ್ತಿರಲಿ. ಆ ಗೆರೆ ಮೇಲಕ್ಕೆ ಹೋಗುವುದು 71 ಡಿಗ್ರಿ ಉತ್ತರದ ತನಕ ಮಾತ್ರ, 90ರ ತನಕ ಅಲ್ಲ. ಧ್ರುವ ಮುಟ್ಟಿ ಬಂದರೆ ಲೆಕ್ಕದಲ್ಲಿ 14,360 ಕಿ.ಮೀ. ಆಗುತ್ತದೆ, ಅಂದರೆ 370 ಕಿ.ಮೀ. ಹೆಚ್ಚು.

ಗಾಳಿ ಬಿಟ್ಟರೆ ಬಳಸುವುದಕ್ಕೆ ಬೇರೆ ಕಾರಣಗಳೂ ಇವೆ. ಹಿಮಾಲಯ, ಟಿಬೆಟ್ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಬೇಗ ಕೆಳಗಿಳಿಯಲು ಜಾಗವಿಲ್ಲ, ಕೆಳಗೆ ಬೆಟ್ಟವೇ ಇದೆ. ಅದಕ್ಕೆ ಅಲ್ಲಿ ಆದಷ್ಟು ತಪ್ಪಿಸುತ್ತಾರೆ. ಎರಡು ಎಂಜಿನ್‌ನ ವಿಮಾನ ತುರ್ತಿಗೆ ಇಳಿಯುವ ನಿಲ್ದಾಣದಿಂದ ಇಷ್ಟೇ ನಿಮಿಷ ದೂರ ಇರಬೇಕು ಎಂಬ ನಿಯಮವಿದೆ. ದೇಶಗಳ ಜಗಳವೂ ಸೇರುತ್ತದೆ. 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳು ರಷ್ಯಾದ ಮೇಲೆ ಹಾರುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಹೋದ ಸಲ ಅಷ್ಟೇ ಹೊತ್ತಿಗೆ ಮುಟ್ಟಿದ್ದೆವಲ್ಲ ಎಂದು ಈ ಸಲವೂ ಅಂದುಕೊಳ್ಳಬೇಡಿ.

ಐದನೆಯದು: ಗಡಿಯಾರದ ಗಂಟು ಬಿಡಿಸುವುದು

ಅಮ್ಮ ಎಡವಿದ್ದು ಇಲ್ಲಿ. ನಿಯಮ ಒಂದೇ: ಎರಡೂ ಸಮಯವನ್ನು ಭಾರತದ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನಾವು ಗಡಿಯಾರ ಮುಟ್ಟುವುದಿಲ್ಲ.

ಅಮ್ಮನ ಟಿಕೆಟ್ ಜೂನ್ ತಿಂಗಳದ್ದು. ಅಲ್ಲಿಯ ಮಧ್ಯಾಹ್ನ 2:30ಕ್ಕೆ ಹನ್ನೆರಡೂವರೆ ಗಂಟೆ ಸೇರಿಸಿ: ನಮ್ಮಲ್ಲಿ ಮಾರನೇ ದಿನ ಬೆಳಗಿನ ಜಾವ 3. ಹೊರಟಿದ್ದೂ ಬೆಳಗಿನ ಜಾವ 3ಕ್ಕೆ. ಸರಿಯಾಗಿ 24 ಗಂಟೆ.

ಬರುವಾಗ ಇದರ ತಿರುಗುಮುರುಗು. ಆ ಮೊದಲ ವಿಮಾನದ ವೇಳಾಪಟ್ಟಿಯನ್ನೇ ನೋಡಿ. ಹೊರಡುವುದು ಜನವರಿ 9ರ ರಾತ್ರಿ 8:30ಕ್ಕೆ, ಮುಟ್ಟುವುದು 11ರ ಬೆಳಗಿನ ಜಾವ 3:45ಕ್ಕೆ. ಎರಡು ದಿನ ಹಾರಿದ ಹಾಗೆ ಕಾಣುತ್ತದೆ. ಚಳಿಗಾಲ, ಹಾಗಾಗಿ ಹೊರಟ ಸಮಯಕ್ಕೆ ಹದಿಮೂರೂವರೆ ಸೇರಿಸಿ: ನಮ್ಮಲ್ಲಿ 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ 11ರ 3:45ರ ತನಕ 17 ಗಂಟೆ 45 ನಿಮಿಷ. ವಾಪಸ್ ಬಂದ ಮಾರನೇ ದಿನವೇ ಮದುವೆ, ಗೃಹಪ್ರವೇಶ ಇದ್ದವರು ತಾರೀಖನ್ನು ಎರಡು ಸಲ ನೋಡಿ. ಟಿಕೆಟ್‌ನಲ್ಲಿ ಸಮಯದ ಪಕ್ಕ ಸಣ್ಣಗೆ +1, +2 ಎಂದು ಬರೆದಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ.

ಆರನೆಯದು: ನಡುವೆ ಇಳಿದು ಹತ್ತುವುದಾದರೆ

ನೇರ ವಿಮಾನ ಎಲ್ಲ ಕಾಲಕ್ಕೂ ಇರುತ್ತದೆ ಎನ್ನಲಾಗದು, ಹೊರಡುವ ತಿಂಗಳ ವೇಳಾಪಟ್ಟಿ ನೋಡಿಯೇ ತೀರ್ಮಾನಿಸಿ. ಬಹುಪಾಲು ಜನ ಹೋಗುವುದು ಒಂದು ಕಡೆ ಬದಲಾಯಿಸಿಕೊಂಡೇ. ಮೇಲಿನ ಸೂತ್ರವನ್ನೇ ಎರಡು ಸಲ ಹಾಕಿದರೆ ದೂರ ಹೀಗೆ ಬರುತ್ತದೆ: ಟೋಕಿಯೋ ಮೂಲಕ 14,900 ಕಿ.ಮೀ., ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,750. ದುಬೈ, ಫ್ರಾಂಕ್‌ಫರ್ಟ್ ಪಶ್ಚಿಮಕ್ಕೆ, ಟೋಕಿಯೋ, ಸಿಂಗಪುರ ಪೂರ್ವಕ್ಕೆ. ಯಾವ ಕಡೆಯಿಂದ ಹೋದರೂ ಆಗುತ್ತದೆ, ಊರು ಭೂಮಿಯ ಆ ಬದಿಗೇ ಇದೆ.

ವಯಸ್ಸಾದವರಿಗೆ ನಾನು ಒಟ್ಟು ದೂರ ನೋಡುವುದಿಲ್ಲ, ತುಂಡು ಹೇಗಿದೆ ಎಂದು ನೋಡುತ್ತೇನೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಒಂದು ಒಂಬತ್ತೂವರೆ ಗಂಟೆ, ಇನ್ನೊಂದು ಹನ್ನೊಂದೂವರೆ ಗಂಟೆ. ದುಬೈ ದಾರಿಯಲ್ಲಿ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಉಸಿರಿಗೆ ಹದಿನಾರು. ಮಂಡಿನೋವು ಇರುವವರಿಗೆ ಸಮವಾಗಿ ಮುರಿದ ದಾರಿಯೇ ಒಳ್ಳೆಯದು, ಕಿಲೋಮೀಟರ್ ಜಾಸ್ತಿಯಾದರೂ ಪರವಾಗಿಲ್ಲ. ಭಾಷೆಗೆ ಹೆದರುವವರಿಗೆ, ಒಬ್ಬರೇ ಹೋಗುವವರಿಗೆ ಮಾತ್ರ ನೇರ ವಿಮಾನ ಸಿಕ್ಕರೆ ಬಿಡಬೇಡಿ.

ನಡುವೆ ಎಷ್ಟು ಹೊತ್ತು ಇರಬೇಕು? ಒಮ್ಮೆ ನಾನು ಒಂದು ಗಂಟೆ ಇಪ್ಪತ್ತು ನಿಮಿಷದ ಅಂತರ ಇದ್ದ ಟಿಕೆಟ್ ಕೊಂಡೆ. ಮೊದಲ ವಿಮಾನ ನಲವತ್ತು ನಿಮಿಷ ತಡವಾಯಿತು. ಸೆಕ್ಯುರಿಟಿ ಸಾಲಿನಲ್ಲಿ ನಿಂತಿದ್ದಾಗಲೇ ಮುಂದಿನ ಗೇಟು ಮುಚ್ಚಿತ್ತು. ರಾತ್ರಿಯೆಲ್ಲ ಕುರ್ಚಿಯ ಮೇಲೆ ಕಳೆದೆ. ಅಂದಿನಿಂದ ಮೂರು ಗಂಟೆಗೆ ಕಡಿಮೆ ತೆಗೆದುಕೊಳ್ಳುವುದಿಲ್ಲ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ ಇರಲಿ, ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಆಗ ಅವರದ್ದು. ಅಮೆರಿಕದೊಳಗೇ ಬದಲಾಯಿಸುವುದಾದರೆ ಅಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಆಗಬೇಕು, ಸೂಟ್‌ಕೇಸ್ ಕೂಡ ತೆಗೆದುಕೊಂಡು ಮತ್ತೆ ಕೊಡಬೇಕು. ಅಲ್ಲಿಗೆ ನಾಲ್ಕು ಗಂಟೆ ಇಡಿ.

ಕೊನೆಯದು: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ

ನಮ್ಮದು ಮೈಸೂರು. ಅಲ್ಲಿಂದ ದೇವನಹಳ್ಳಿಗೆ ಫ್ಲೈಬಸ್‌ನಲ್ಲಿ ಟ್ರಾಫಿಕ್ ಸೇರಿಸಿ ನಾಲ್ಕೂವರೆ ಗಂಟೆ ಹಿಡಿಯುತ್ತೇನೆ. ನಿಲ್ದಾಣದಲ್ಲಿ ಮೂರೂವರೆ ಗಂಟೆ. ವಿಮಾನ, ಅಂತರ ಎಲ್ಲ ಸೇರಿ 24. ಅಲ್ಲಿ ಇಮಿಗ್ರೇಷನ್, ಸಾಮಾನು ಎಂದು ಒಂದೂವರೆ. ಸನಿವೇಲ್‌ನಲ್ಲಿರುವ ಅಕ್ಕನ ಮನೆಗೆ ಕಾರಿನಲ್ಲಿ ಒಂದು. ಒಟ್ಟು ಮೂವತ್ತನಾಲ್ಕೂವರೆ ಗಂಟೆ. ಮಾತ್ರೆ, ಊಟ, ನಿದ್ದೆ ಎಲ್ಲಕ್ಕೂ ಈ ಸಂಖ್ಯೆಯೇ ಆಧಾರ, 17 ಅಲ್ಲ, ಹನ್ನೊಂದೂವರೆಯಂತೂ ಅಲ್ಲವೇ ಅಲ್ಲ.

ಅಮ್ಮನ ಕೈಗಡಿಯಾರವನ್ನು ಬೆಂಗಳೂರಿನ ಸಮಯದಲ್ಲೇ ಬಿಟ್ಟೆವು. ಬಿಪಿ ಮಾತ್ರೆ ಬೆಳಿಗ್ಗೆ 8ಕ್ಕೆ ಅಂದರೆ ಆ ಗಡಿಯಾರದ 8ಕ್ಕೆ, ಹೊರಗೆ ಕತ್ತಲಿದ್ದರೂ ಬೆಳಕಿದ್ದರೂ. ಒಂದು ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ: "8 – ಬಿಳಿ ಮಾತ್ರೆ. ರಾತ್ರಿ 9 – ಹಳದಿ ಮಾತ್ರೆ." ಅಲ್ಲಿ ಮುಟ್ಟಿದ ಮೇಲೆ ಹೊಸ ಸಮಯಕ್ಕೆ ಹೇಗೆ ಹೊಂದಿಸಬೇಕು ಎಂಬುದನ್ನು ಡಾಕ್ಟರ್ ಹತ್ತಿರ ಮೊದಲೇ ಕೇಳಿ ಬರೆಸಿಕೊಂಡಿದ್ದೆವು. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಡಾಕ್ಟರನ್ನು ಕೇಳದೆ ಸುಮ್ನೆ ಅಂದಾಜಿನ ಮೇಲೆ ಮಾಡಲೇಬೇಡಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಸೂಟ್‌ಕೇಸ್‌ನಲ್ಲಿ ಇಟ್ಟರೆ ಹೆಪ್ಪುಗಟ್ಟಿ ಕೆಡಬಹುದು. ಮಾತ್ರೆಗಳನ್ನೂ ಎರಡು ದಿನಕ್ಕೆ ಆಗುವಷ್ಟು ಕೈಯಲ್ಲೇ ಇಟ್ಟುಕೊಳ್ಳಿ, ವಿಮಾನ ತಪ್ಪಿದರೆ ಬೇಕಾಗುತ್ತದೆ. ಎರಡು ಗಂಟೆಗೊಮ್ಮೆ ಎದ್ದು ಟಾಯ್ಲೆಟ್ ತನಕವಾದರೂ ನಡೆಯಲಿ. ದೂರ ನಡೆಯಲಾಗದವರಿಗೆ ವೀಲ್‌ಚೇರ್ ಬುಕ್ ಮಾಡುವಾಗಲೇ ಕೇಳಿ, ಅದಕ್ಕೆ ಬೇರೆ ದುಡ್ಡಿಲ್ಲ.

ಇನ್ನು ಕರೆದುಕೊಂಡು ಹೋಗಲು ಬರುವವರಿಗೆ ಒಂದು ಮಾತು. ಟಿಕೆಟ್‌ನ ಸಮಯ ನೋಡಿ ಮನೆ ಬಿಡಬೇಡಿ. ವಿಮಾನದ ನಂಬರ್ ಹಾಕಿ ಫೋನಿನಲ್ಲಿ ಅದು ಎಲ್ಲಿದೆ ಎಂದು ನೋಡಿ. ಗಾಳಿ ಚೆನ್ನಾಗಿದ್ದರೆ ಅರ್ಧ ಗಂಟೆ ಮೊದಲೇ ಇಳಿದಿರುತ್ತದೆ. ಇಳಿದ ಮೇಲೂ ಹೊರಗೆ ಬರಲು ಗಂಟೆ, ಒಂದೂವರೆ ಗಂಟೆ ಬೇಕು. ಅಮ್ಮ ಹೊರಬಂದಾಗ ಅಕ್ಕ ಬಾಗಿಲ ಎದುರಿಗೇ ನಿಂತಿದ್ದಳು. ಅಮ್ಮ ಮೊದಲು ಕೈಗಡಿಯಾರ ನೋಡಿಕೊಂಡರು. ನಾಲ್ಕೂವರೆ, ಬೆಂಗಳೂರಿನ ಬೆಳಗಿನ ಜಾವ. "ಹಾಲಿನವನು ಬರೋ ಹೊತ್ತು" ಅಂದರಂತೆ.